ನೀಲಮ್ಮನ ಕದ್ದ ಕಡ್ಡಿಗಳು

ನೀಲಮ್ಮ ಇಪ್ಪತ್ತೊಂಬತ್ತು ವರ್ಷ ಮೈಸೂರಿನ ಸಿಟಿ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದರು. ಅಷ್ಟು ವರ್ಷಗಳಲ್ಲಿ ಟಿಕೆಟ್ ಇಲ್ಲದ ಯಾರನ್ನೂ ಒಂದು ಸ್ಟಾಪಿನಷ್ಟು ದೂರವೂ ಕರೆದೊಯ್ದವರಲ್ಲ. ಪರ್ಸು ಮರೆತು ಬಸ್ಸು ಹತ್ತಿದ ಸ್ವಂತ ಗಂಡ ಶಿವಮಲ್ಲಪ್ಪನವರನ್ನು ನಡುದಾರಿಯಲ್ಲಿ ಇಳಿಸಿ, ಸೀಟಿ ಊದಿ, ಹಿಂತಿರುಗಿ ನೋಡದೆ ಹೋದ ಸಂಗತಿಯನ್ನು ನಜರ್‌ಬಾದಿನ ಅವರ ಬೀದಿಯವರು ಈಗಲೂ ಹೇಳುತ್ತಾರೆ. ಅಂಥ ಹೆಂಗಸು ನಿವೃತ್ತರಾದ ಮೇಲೆ ಒಂಟಿಕೊಪ್ಪಲಿನ ಸರ್ಕಾರಿ ಶಾಲೆಯೊಂದರ ಮಕ್ಕಳಿಗೆ ಕಳ್ಳತನ ಕಲಿಸಿದರು ಎಂದು ದೂರು ಬಂದಾಗ ನಾನು ನಂಬಲಿಲ್ಲ. ದೂರು ಅಕ್ಷರಶಃ ನಿಜವಾಗಿತ್ತು.

ನಮ್ಮದು ಕೈತೋಟ ಬಳಗ ಎಂಬ ಸಣ್ಣ ಗುಂಪು. ಒಟ್ಟು ಆರು ಜನ, ಎಲ್ಲರೂ ನಿವೃತ್ತರು. ಆದ್ದರಿಂದ ಎಲ್ಲರಿಗೂ ಎಲ್ಲ ವಿಷಯದಲ್ಲೂ ಅಭಿಪ್ರಾಯವಿದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಶಾಲೆಗೆ ಹೋಗಿ ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಪಾತಿ ಮಾಡುವುದು, ಬಿತ್ತುವುದು, ಸೊಪ್ಪು ಬಿಡಿಸುವುದು, ಬೆಳೆದದ್ದನ್ನು ಸಾರು ಪಲ್ಯ ಮಾಡುವುದು ಇವನ್ನು ಹೇಳಿಕೊಡುತ್ತೇವೆ. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸಿದವಳೆಂಬ ಕಾರಣಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ. ಕಾರ್ಯದರ್ಶಿ ವಿಶ್ವನಾಥ್, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಪತ್ರ, ರಶೀದಿ, ನೋಟೀಸು, ಎಲ್ಲ ಅವರದೇ ಕೈಬರಹ.

ನೀಲಮ್ಮನಿಗೆ ಪುಸ್ತಕದ ವಿದ್ಯೆ ಹತ್ತನೆಯ ತರಗತಿಯವರೆಗೆ ಮಾತ್ರ. ಆದರೆ ನಲವತ್ತು ಮಕ್ಕಳನ್ನು ಒಂದು ಪಾತಿಯ ಸುತ್ತ ನಿಲ್ಲಿಸುವ ವಿದ್ಯೆ ನಮ್ಮ ಪೈಕಿ ಅವರೊಬ್ಬರಿಗೇ ಗೊತ್ತಿತ್ತು. ನಾನು ಬೀಜದ ಅಂಕುರದ ಬಗ್ಗೆ ಎರಡು ವಾಕ್ಯ ಮುಗಿಸುವಷ್ಟರಲ್ಲಿ ಹುಡುಗರು ಒಬ್ಬರ ಕಾಲರಿನೊಳಗೆ ಒಬ್ಬರು ಎರೆಹುಳು ಬಿಡುತ್ತಿದ್ದರು. ನೀಲಮ್ಮ ಮಾತ್ರ ಒಂದು ಸೀಟಿ ಊದಿ, "ಹಿಂದುಗಡೆಯವ್ರು ಮುಂದೆ ಬನ್ನಿ, ಮುಂದಿನವ್ರು ಕೂತ್ಕಳ್ಳಿ, ಬಾಗ್ಲಲ್ಲಿ ಯಾರೂ ನಿಲ್ಬೇಡಿ" ಎಂದರೆ ಬಾಗಿಲೇ ಇಲ್ಲದ ಬಯಲಿನಲ್ಲಿ ಎಲ್ಲರೂ ಜಾಗ ಬಿಟ್ಟು ಕೂರುತ್ತಿದ್ದರು.

ಒತ್ತಾಗಿ ಮೊಳೆತ ದಂಟಿನ ಸಸಿಗಳನ್ನು ಕಿತ್ತು ತೆಳುಮಾಡುವ ಪಾಠವನ್ನು ನಾನು ಮೂರು ವಾರ ಹೇಳಿಯೂ ಮಕ್ಕಳು ಕೀಳಲು ಒಪ್ಪಿರಲಿಲ್ಲ, ಪಾಪ ಎನ್ನುತ್ತಿದ್ದರು. ನೀಲಮ್ಮ ಬಂದು ಬಗ್ಗಿ ನೋಡಿದರು.

"ಏನೋ ಇದು ಸ್ವರೂಪ್? ಡಬಲ್ ಸೀಟಲ್ಲಿ ಏಳ್ ಜನ ಕೂತವ್ರೆ? ಐದು ಜನಾನ ಇಳ್ಸು."

"ಇಳ್ಸಿ ಏನ್ಮಾಡ್ಲಿ ಆಂಟಿ?"

"ಬಸ್ಸಾರಿಗೆ ಹಾಕು. ಸ್ಟಾಂಡಿಂಗ್ ಇಲ್ಲ ನಮ್ ಗಾಡೀಲಿ."

ಐದು ನಿಮಿಷದಲ್ಲಿ ಪಾತಿ ತೆಳುವಾಯಿತು. ಕಿತ್ತ ಎಳೆ ದಂಟಿನಿಂದ ಆ ದಿನ ಮಾಡಿದ ಬಸ್ಸಾರು ಚೆನ್ನಾಗಿಯೂ ಇತ್ತು.

ಅವರ ಮನೆ ನಜರ್‌ಬಾದಿನಲ್ಲಿ ಮೊದಲ ಮಹಡಿಯ ಎರಡು ಕೋಣೆ. ತಾರಸಿ ಸೋರುತ್ತದೆಂದು ಮನೆಯ ಯಜಮಾನರು ಒಂದು ಹೂಕುಂಡ ಇಡಲೂ ಬಿಡುವುದಿಲ್ಲ. ಹುಟ್ಟಿದ ಮನೆಯೂ ಅಂಗಡಿಯ ಹಿಂದಿನ ಒಂದು ಕೋಣೆ. ಅವರ ತಂದೆ ವಿಭೂತಿ, ಕರ್ಪೂರ ಮಾರುತ್ತಿದ್ದರು. ಹೀಗಾಗಿ ಅರವತ್ತು ದಾಟಿದ ಆ ಹೆಂಗಸಿಗೆ ಕೈಯಾಡಿಸಲು ಸಿಕ್ಕಿದ ಮೊದಲ ಮಣ್ಣು ಶಾಲೆಯ ಹಿಂದಿನ ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಜಾಗ. ಅವರು ಈ ಮಾತನ್ನು ಯಾರ ಬಳಿಯೂ ಹೇಳಿಕೊಂಡವರಲ್ಲ. ಆದರೆ ನಾವೆಲ್ಲ ಶುಕ್ರವಾರ ಮಾತ್ರ ಹೋಗುತ್ತಿದ್ದರೆ ನೀಲಮ್ಮ ಮಂಗಳವಾರವೂ ಹೋಗುತ್ತಿದ್ದರು. ಭಾನುವಾರ ಗೇಟಿಗೆ ಬೀಗವಿದ್ದರೂ ಹೋಗಿ, ಕಂಬಿಗಳ ಸಂದಿಯಿಂದ ಪಾತಿಗಳನ್ನು ನೋಡಿ, ಬಾಡಿದ ಗಿಡಗಳನ್ನು ಹೆಸರು ಹಿಡಿದು ಬೈದು ಬರುತ್ತಿದ್ದರು.

ಕಳೆದ ವರ್ಷ ಜುಲೈನಲ್ಲಿ ಕಡ್ಡಿ ನೆಡುವ ಪಾಠ ಬಂತು. ಬಸಳೆ, ದೊಡ್ಡಪತ್ರೆ, ಚಕ್ರಮುನಿ ಮೊದಲಾದವನ್ನು ಬೀಜದ ಗೊಡವೆಯಿಲ್ಲದೆ ಒಂದು ತುಂಡು ಕಡ್ಡಿಯಿಂದಲೇ ಬೆಳೆಸಬಹುದು. ಆ ವಾರ ನನಗೆ ಕಣ್ಣಿನ ಡಾಕ್ಟರ ಬಳಿ ಹೋಗಬೇಕಿದ್ದರಿಂದ ಪಾಠವನ್ನು ನೀಲಮ್ಮನಿಗೆ ಒಪ್ಪಿಸಿದೆ. ಅವರು ಏನು ಹೇಳಿಕೊಟ್ಟರೆಂಬುದು ನನಗೆ ತಿಳಿದದ್ದು ಹತ್ತು ದಿನದ ಮೇಲೆ, ವಿಶ್ವನಾಥ್ ಬೆಳಿಗ್ಗೆ ಏಳಕ್ಕೇ ನನ್ನ ಮನೆಯ ಗಂಟೆ ಒತ್ತಿದಾಗ.

ಇಲ್ಲಿ ವಿಶ್ವನಾಥರ ಬೇಲಿಯ ಬಗ್ಗೆ ಹೇಳಬೇಕು. ಅವರ ಮನೆಯ ಪಕ್ಕದಲ್ಲಿ, ಚರಂಡಿ ಗುಡಿಸುವವರಿಗೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಯ ಉದ್ದಕ್ಕೂ ಚಕ್ರಮುನಿಯ ಬೇಲಿಯಿದೆ. ಚಕ್ರಮುನಿಯೆಂದರೆ ಜನ ವಿಟಮಿನ್ ಸೊಪ್ಪು ಎಂದು ಕರೆಯುವ, ಬೇಳೆಯ ಜೊತೆ ಹಾಕಿ ಹುಳಿ ಮಾಡುವ ಗಿಡ. ವಿಶ್ವನಾಥ್ ಅದನ್ನು ಮಟ್ಟಗೋಲು ಹಿಡಿದು ಕತ್ತರಿಸುತ್ತಾರೆ. ಮುಂಬಾಗಿಲ ಗೇಟಿನಲ್ಲಿ ಒಂದು ಫಲಕವೂ ಇದೆ: "ಗಿಡ, ಕಡ್ಡಿ, ಬೀಜ ಕೇಳಿದವರಿಗೆ ಕೊಡಲಾಗುವುದು." ತಾವು ಉದಾರಿಯೆಂಬುದು ಅವರ ನಂಬಿಕೆ, ಫಲಕದ ಮಟ್ಟಿಗೆ ಅದು ನಿಜವೂ ಹೌದು. ಆ ಬೇಲಿಯ ನಡುವೆ ಈಗ ಮುಂದಿನ ಹಲ್ಲು ಬಿದ್ದ ಹಾಗೆ ಕಿಂಡಿ ಬಿದ್ದಿತ್ತು. ಕಿಂಡಿಯ ಆ ಬದಿಯಲ್ಲಿ, ಹಿಂದಿನ ಸಂಜೆ, ಯೂನಿಫಾರಂ ಹಾಕಿದ ಏಳನೆಯ ತರಗತಿಯ ವರ್ಷಿಣಿ, ಬೆರಳು ಗಾತ್ರದ ಕಡ್ಡಿಯೊಂದನ್ನು ಲಂಗದ ಜೇಬಿಗೆ ತುರುಕುತ್ತ ಸಿಕ್ಕಿಬಿದ್ದಿದ್ದಳು.

ಆಮೇಲೆ ನಡೆದ ಮಾತುಕತೆಯನ್ನು ವಿಶ್ವನಾಥ್ ಕೋಪದಿಂದಲೂ ವರ್ಷಿಣಿ ಹೆಮ್ಮೆಯಿಂದಲೂ ಒಂದೇ ರೀತಿ ಹೇಳಿದ್ದರಿಂದ ಅದು ಸತ್ಯವಿರಬೇಕು.

"ಕೇಳಿದ್ರೆ ನಾನು ಕೊಡ್ತಿರ್ಲಿಲ್ವೇನಮ್ಮ? ಗೇಟಲ್ಲಿ ಬೋರ್ಡು ಹಾಕಿದೀನಿ, ಓದೋಕೆ ಬರಲ್ವಾ?"

"ಬರತ್ತೆ ಅಂಕಲ್. ಓದ್ಬುಟ್ಟೇ ಈ ಕಡೆಯಿಂದ ಬಂದಿದ್ದು."

"ಅಂದ್ರೆ?"

"ಕೇಳಿ ಇಸ್ಕೊಂಡ್ರೆ ಹತ್ತಲ್ಲ ಅಂಕಲ್. ಕದ್ದಿದ್ದೇ ಹತ್ತೋದು. ನೀಲಮ್ಮ ಆಂಟಿ ಹೇಳ್ಕೊಟ್ಟವ್ರೆ. ಥ್ಯಾಂಕ್ಸೂ ಹೇಳ್ಬಾರ್ದಂತೆ. ಅದಕ್ಕೇ ಹೇಳ್ತಿಲ್ಲ, ಬೇಜಾರ್ ಮಾಡ್ಕೋಬೇಡಿ."

ವಿಚಾರಣೆ ಮುಂದುವರಿದಂತೆ ವ್ಯಾಪ್ತಿ ಹೆಚ್ಚಾಯಿತು. ಹತ್ತು ದಿನಗಳಲ್ಲಿ ಮಕ್ಕಳು ಒಂಟಿಕೊಪ್ಪಲಿನ ಹದಿನಾಲ್ಕು ಮನೆಗಳ ಕಾಂಪೌಂಡುಗಳಿಗೆ ಕೈಹಾಕಿದ್ದರು. ಮುಖ್ಯೋಪಾಧ್ಯಾಯಿನಿ ಭಾನುಮತಿಯವರ ಕೋಣೆಯ ಕಿಟಕಿಯಲ್ಲಿದ್ದ ದೊಡ್ಡಪತ್ರೆಯ ಕುಂಡ ಅರ್ಧ ಬೋಳಾಗಿತ್ತು. ನನ್ನ ಹಿತ್ತಲ ಬಸಳೆ ಬಳ್ಳಿಯೂ ಮೊಳಕಾಲೆತ್ತರದಲ್ಲಿ ತುಂಡಾಗಿತ್ತು. ನಾನು ಅಲ್ಲಿಯತನಕ ಬೀದಿಯ ಹಸುವೊಂದನ್ನು ಅನುಮಾನಿಸಿ ಗೇಟಿಗೆ ಹೊಸ ಚಿಲಕ ಹಾಕಿಸಿದ್ದೆ.

ಭಾನುಮತಿಯವರ ಕೋಣೆಯಲ್ಲಿ ಸಭೆ ಸೇರಿತು. ವಿಶ್ವನಾಥ್ ಮೊದಲೇ ಬರೆದು ತಂದ ನಿರ್ಣಯವನ್ನು ಮೇಜಿನ ಮೇಲಿಟ್ಟರು. ನೀಲಮ್ಮನನ್ನು ಬಳಗದಿಂದಲೂ ಶಾಲೆಯ ತೋಟದಿಂದಲೂ ಬಿಡುಗಡೆ ಮಾಡಬೇಕು ಎಂಬುದು ಅದರ ಸಾರಾಂಶ. ನೀಲಮ್ಮ ಅದನ್ನು ಓದಿ, ಮಡಿಚಿ, ವಾಪಸು ಕೊಟ್ಟರು.

"ತಪ್ಪು ಹೇಳ್ಕೊಟ್ಟಿದ್ರೆ ತೆಗೀರಿ. ಸುಳ್ಳು ಹೇಳ್ಕೊಟ್ಟಿಲ್ಲ."

"ಕದ್ದ ಗಿಡ ಹತ್ತುತ್ತೆ, ಕೊಟ್ಟ ಗಿಡ ಹತ್ತಲ್ಲ ಅನ್ನೋದು ಸುಳ್ಳಲ್ಲದೆ ಮತ್ತೇನ್ರೀ? ಮೂಢನಂಬಿಕೆ!" ಎಂದರು ವಿಶ್ವನಾಥ್. "ಗಿಡಕ್ಕೇನು ಗೊತ್ತು, ಯಾರು ಕೊಟ್ರು ಯಾರು ಕದ್ರು ಅಂತ? ಮೇಡಂ, ನೀವೇ ಹೇಳಿ."

ನಾನೂ ಅದೇ ಹೇಳಿದೆ. ಕಡ್ಡಿಗೆ ನೈತಿಕ ಪ್ರಜ್ಞೆಯಿಲ್ಲ ಎಂದೆ.

"ನಂಗೇನೂ ನಮ್ಮಜ್ಜಿ ಹೇಳಿದ್ದಲ್ಲ ಮೇಡಂ ಇದು," ಎಂದರು ನೀಲಮ್ಮ. "ನಾನು ಕಣ್ಣಾರೆ ಕಂಡಿದ್ದು. ಇಪ್ಪತ್ತೊಂಬತ್ತು ವರ್ಷ. ಈ ಕಡೆಯಿಂದ ಬಸ್ಸು ಹತ್ತೋ ಹೆಂಗಸ್ರು ಎಷ್ಟು ಜನ ಕೈಲಿ ಕಡ್ಡಿ ಹಿಡ್ಕೊಂಡಿರ್ತಿದ್ರು ಅಂತೀರ! ಕೊಟ್ಟಿದ್ದನ್ನ ತಂದವ್ರು ಎಲ್ರಿಗೂ ಕಾಣೋ ಹಂಗೆ ಹಿಡ್ಕತಾರೆ. ಕದ್ದಿದ್ದು ತಂದವ್ರು ಸೆರಗೊಳಗಿಟ್ಕೊಂಡು, ಕೇಳೋಕ್ ಮುಂಚೆನೇ ಟಿಕೆಟ್ ತಗೊಂಡು, ಕಿಟಕಿ ಕಡೆ ತಿರುಗಿ ಕೂತ್ಬುಡ್ತಾರೆ. ಇಬ್ರನ್ನೂ ನಾನು ಮುಂದಿನ ತಿಂಗಳು ಅದೇ ಬಸ್ಸಲ್ಲಿ ಕೇಳ್ತಿದ್ದೆ, ಏನಮ್ಮ, ಹತ್ತಿತಾ ಅಂತ. ಕೊಟ್ಟಿದ್ದು ತಂದವ್ರು, ಅಯ್ಯೋ ಬಾಡೋಯ್ತು ಕಣಮ್ಮ ಅನ್ನೋರು. ಕದ್ದವ್ರು ಏನೂ ಹೇಳ್ತಿರ್ಲಿಲ್ಲ. ನಗೋರು."

ಹತ್ತುವುದು ಎಂಬ ಒಂದೇ ಮಾತು ಅವರ ಬಾಯಲ್ಲಿ ಬಸ್ಸಿಗೂ ಆಗುತ್ತಿತ್ತು, ಬೇರು ಬಿಡುವ ಗಿಡಕ್ಕೂ ಆಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಗಮನಿಕೆ ಎಂಬ ಮಾತು ಮಾತ್ರ ನನಗೆ ಸ್ವಲ್ಪ ಮುಜುಗರ ತಂದಿತು. ನಮ್ಮ ವಿಭಾಗದಲ್ಲಿ ಅದಕ್ಕಿಂತ ಕಡಿಮೆ ಆಧಾರದ ಮೇಲೆ ಡಾಕ್ಟರೇಟ್ ಕೊಟ್ಟದ್ದುಂಟು.

ಆದ್ದರಿಂದ ನಾನು ಪ್ರಯೋಗ ಮಾಡೋಣ ಎಂದೆ. ಒಂದೇ ಬೇಲಿಯಿಂದ ಇಪ್ಪತ್ತು ಕಡ್ಡಿ ಕೇಳಿ ತರುವುದು, ಇಪ್ಪತ್ತು ಕಡ್ಡಿ ಕದ್ದು ತರುವುದು. ತಂದ ಕೂಡಲೇ ಶಾಲೆಯ ಪಾತಿಯಲ್ಲಿ ನೆಡುವುದು. ಚೀಟಿ ಎತ್ತಿ ಕುಳಿಗಳಿಗೆ ಒಂದರಿಂದ ನಲವತ್ತರವರೆಗೆ ನಂಬರು. ಯಾವ ನಂಬರು ಯಾವುದೆಂಬ ಪಟ್ಟಿ ನನ್ನ ಬೀರುವಿನಲ್ಲಿ. ನೀರು ಹಾಕುವುದು ಭಾನುಮತಿ. ಇಪ್ಪತ್ತೆರಡು ದಿನ ನೀಲಮ್ಮ ತೋಟಕ್ಕೆ ಕಾಲಿಡುವಂತಿಲ್ಲ. ಕೇಳಿ ತಂದದ್ದು ಕದ್ದದ್ದರಷ್ಟೇ ಚಿಗುರಿದರೆ ಅವರು ಇನ್ನು ಎಂದೂ ಕಾಲಿಡುವಂತಿಲ್ಲ.

"ಯಾರ ಬೇಲಿ?" ಎಂದು ಭಾನುಮತಿ ಕೇಳಿದರು.

"ನಂದೇ ಆಗ್ಲಿ," ಎಂದರು ವಿಶ್ವನಾಥ್. "ಕದಿಯೋಕೆ ಲಿಖಿತ ಒಪ್ಪಿಗೆ ಕೊಡ್ತೀನಿ. ಆದ್ರೆ ಕದೀಲಿ ನೋಡೋಣ! ನಾಲೇಲಿ ತೂಬು ಎತ್ತೋ ಕಳ್ಳರನ್ನ ಹಿಡಿದವನು ನಾನು. ಶುಕ್ರವಾರ ಮೂರೂವರೆಗೆ ಬರ್ಲಿ, ಒಂದು ಎಲೆ ಮುಟ್ಲಿ."

ನೀಲಮ್ಮ ಎದ್ದರು. ಹೊರಗೆ ಹೋಗುವಾಗ, ಬಾಗಿಲಾಚೆ ಕಾಯುತ್ತಿದ್ದ ವರ್ಷಿಣಿಯ ಕಿವಿಯಲ್ಲಿ ಏನೋ ಹೇಳಿದರು. ವರ್ಷಿಣಿ ಎರಡು ಸಲ ತಲೆಯಾಡಿಸಿದಳು.

ಶುಕ್ರವಾರ ನಾನು ಸಾಕ್ಷಿಯಾಗಿ ವಿಶ್ವನಾಥರ ಮನೆಯ ಮುಂದೆ ನಿಂತಿದ್ದೆ. ವಿಶ್ವನಾಥ್ ಟೋಪಿ ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು, ಬೇಲಿಯ ಉದ್ದಕ್ಕೂ ಗಸ್ತು ತಿರುಗುತ್ತಿದ್ದರು. ಮೂರೂವರೆಗೆ ಸರಿಯಾಗಿ ಸ್ವರೂಪ್ ಮತ್ತು ನಾಲ್ವರು ಹುಡುಗರು ಮುಂದಿನ ಗೇಟಿಗೆ ಬಂದು ಕೈಕಟ್ಟಿ ನಿಂತರು.

"ಅಂಕಲ್, ಕಡ್ಡಿ ಬೇಕಿತ್ತು. ಕೊಡ್ತೀರಾ? ಎಂಗೆ ನೆಡ್ಬೇಕು ಅಂತನೂ ಹೇಳ್ಕೊಡಿ ಅಂಕಲ್."

ಆ ಎರಡನೆಯ ವಾಕ್ಯ ಸ್ವರೂಪನದಲ್ಲ, ನೀಲಮ್ಮನದು. ವಿಶ್ವನಾಥರನ್ನು ಬಲ್ಲವರಿಗೆ ಅದರ ಪರಿಣಾಮ ಗೊತ್ತು. ಅವರ ಮುಖ ಅರಳಿತು. ಬೇಲಿಯ ಮೇಲ್ತುದಿಯಲ್ಲಿ ಮಟ್ಟ ತಪ್ಪಿ ಬೆಳೆದಿದ್ದ ಎಳೆಯ ಚಿಗುರುಗಳನ್ನು ಕತ್ತರಿಸಿ ಹುಡುಗರ ಕೈಗೆ ಕೊಟ್ಟು, ಬೇಲಿಗೆ ಬೆನ್ನು ಹಾಕಿ ನಿಂತು ಶುರುಮಾಡಿದರು. ಕಡ್ಡಿಯನ್ನು ಎಷ್ಟು ಓರೆಯಾಗಿ ಕತ್ತರಿಸಬೇಕು, ಗಿಣ್ಣು ಎಂದರೇನು, ಕತ್ತರಿಗೆ ಯಾವ ಎಣ್ಣೆ ಹಾಕಬೇಕು, ಈಗಿನವರು ಯಾಕೆ ಹಾಕುವುದಿಲ್ಲ, ಹಿಂದೆ ಇಲಾಖೆಯಲ್ಲಿ ನಾಲೆಯ ಏರಿಗೆ ಎಂಥ ಗಿಡ ನೆಡುತ್ತಿದ್ದರು, ಆ ಟೆಂಡರು ಯಾಕೆ ರದ್ದಾಯಿತು. ಬಿಸಿಲಿತ್ತು. ಸ್ವರೂಪನ ಮುಷ್ಟಿಯಲ್ಲಿದ್ದ ಇಪ್ಪತ್ತು ಚಿಗುರುಗಳು ಒಂದೊಂದಾಗಿ ತಲೆ ಬಗ್ಗಿಸತೊಡಗಿದವು.

ಅಷ್ಟರಲ್ಲಿ ಅವರ ಹೆಗಲಿನಾಚೆ, ಗಲ್ಲಿಯ ಕಡೆಯಿಂದ, ಬೇಲಿಯೊಳಗೆ ಒಂದು ಕೈ ಬಂತು. ಬಳೆ ಸದ್ದಾಗದಂತೆ ಕರವಸ್ತ್ರ ಸುತ್ತಿದ ಕೈ. ಬುಡದ ಹತ್ತಿರ ತಡಕಾಡಿ, ಪೆನ್ಸಿಲಿಗಿಂತ ದಪ್ಪನೆಯ ಕಡ್ಡಿಯೊಂದನ್ನು ಲಟಕ್ಕನೆ ಮುರಿದುಕೊಂಡು ಮಾಯವಾಯಿತು. ಸದ್ದಿಗೆ ವಿಶ್ವನಾಥ್ ಕತ್ತು ತಿರುಗಿಸಬೇಕು ಎನ್ನುವಷ್ಟರಲ್ಲಿ ಸ್ವರೂಪ್ ಕೇಳಿದ: "ಅಂಕಲ್, ಟೆಂಡರು ಅಂದ್ರೇನು?" ಅವರು ಮತ್ತೆ ಈ ಕಡೆಗೆ ತಿರುಗಿದರು.

ನಾನು ಸಾಕ್ಷಿ ಮಾತ್ರ. ಸಾಕ್ಷಿ ಮಾತಾಡುವಂತಿಲ್ಲ. ಒಂದಾದ ಮೇಲೊಂದು ಇಪ್ಪತ್ತು ಕಡ್ಡಿಗಳು ಹೋದುದನ್ನು ಎಣಿಸಿದೆ. ಹೋದವು ಒದ್ದೆ ಗೋಣಿಯೊಳಗೆ ಸೇರಿ, ಹಿಂದಿನ ಬೀದಿಯ ಶಾಲೆಗೆ ಓಡಿ, ಹತ್ತು ನಿಮಿಷದಲ್ಲಿ ಮಣ್ಣಿನಲ್ಲಿದ್ದವು. ಹಿಡಿಯುವವರು ಬರುವ ಮೊದಲು ಮಾಲು ಹುಗಿದುಬಿಡಬೇಕೆಂಬುದು ವರ್ಷಿಣಿಯ ತಂಡದ ಆತುರ. ಕೇಳಿ ಪಡೆದ ಕಡ್ಡಿಗಳು ಶಾಲೆ ತಲುಪಿದ್ದು ಅದಾಗಿ ಅರ್ಧ ಗಂಟೆಯ ಮೇಲೆ, ಸ್ವರೂಪನ ಬೆವರಿದ ಮುಷ್ಟಿಯಲ್ಲಿ.

"ನೋಡಿದ್ರಾ ಮೇಡಂ," ಎಂದರು ವಿಶ್ವನಾಥ್, ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತ. "ಒಬ್ರೂ ಹತ್ರ ಸುಳೀಲಿಲ್ಲ."

ನಾನು ಬೇಲಿಯ ಕಡೆ ಬೆರಳು ತೋರಿಸಿ ಹೊರಟೆ. ನನ್ನ ಹಿಂದೆ ಅವರ ಕತ್ತರಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಆಮೇಲಿನ ಇಪ್ಪತ್ತೆರಡು ದಿನ ನೀಲಮ್ಮ ಒಪ್ಪಂದವನ್ನು ಅಕ್ಷರಶಃ ಪಾಲಿಸಿದರು. ಕಾಲಿಡಬಾರದು ಎಂದಿತ್ತೇ ಹೊರತು ಕಣ್ಣಿಡಬಾರದು ಎಂದಿರಲಿಲ್ಲ. ದಿನಾ ಮಧ್ಯಾಹ್ನ ನಜರ್‌ಬಾದಿನಿಂದ ಬಸ್ಸು ಹತ್ತಿ ಬಂದು ಕಂಬಿಗಳ ಹೊರಗೆ ನಿಲ್ಲುತ್ತಿದ್ದರು. ಎರಡನೆಯ ವಾರ ನಾನು ಅಳತೆ ತೆಗೆಯಲು ಹೋದಾಗಲೂ ಅಲ್ಲಿದ್ದರು.

"ಮೇಡಂ, ಹನ್ನೊಂದನೇ ನಂಬರು ಕೇಳಿ ಇಸ್ಕೊಂಡಿದ್ದು."

"ನಾನು ಹೇಳುವಂತಿಲ್ಲ."

"ನೀವು ಹೇಳ್ಬೇಡಿ. ಮುಖ ನೋಡಿದ್ರೆ ಗೊತ್ತಾಗಲ್ವಾ? ಇಪ್ಪತ್ಮೂರು, ಇಪ್ಪತ್ನಾಲ್ಕು ಕದ್ದಿದ್ದು. ಎಂಗೆ ಎದೆ ಸೆಟೆಸ್ಕೊಂಡು ನಿಂತವೆ ನೋಡಿ." ಆಮೇಲೆ ಪಕ್ಕದ ಪಾತಿಯ ಕಡೆ ತಿರುಗಿ ಕೇಳಿದರು: "ನಾನು ಸೋತ್ರೆ ಈ ದಂಟಿನ ಪಾತಿ ಯಾರು ನೋಡ್ಕತಾರೆ?"

"ಮಕ್ಕಳು."

"ರಜದಲ್ಲಿ?"

ನಮ್ಮಲ್ಲಿ ಯಾರೂ ರಜದಲ್ಲಿ ಹೋಗುವವರಲ್ಲ. ಅವರು ಕಂಬಿಯೊಳಗೆ ಕೈಚಾಚಿ, ಕೈಗೆಟುಕಿದ ಒಂದು ಕಳೆಯನ್ನು ಕಿತ್ತು, ಕಾಲಿಟ್ಟಿಲ್ಲವೆಂಬುದನ್ನು ನನಗೆ ತೋರಿಸಲು ಎರಡೂ ಚಪ್ಪಲಿಗಳನ್ನು ಒಮ್ಮೆ ನೋಡಿಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು.

ಇಪ್ಪತ್ತೆರಡನೆಯ ದಿನ ಎಲ್ಲರೂ ಪಾತಿಯ ಸುತ್ತ ನಿಂತರು. ನೀಲಮ್ಮ ಕಂಬಿಯ ಆಚೆಯೇ ಇದ್ದರು. ನಾನು ಬೀರುವಿನಿಂದ ತಂದ ಪಟ್ಟಿ ಬಿಚ್ಚಿ, ಒಂದೊಂದು ನಂಬರನ್ನೂ ಓದುತ್ತ ಹೋದೆ. ಚಿಗುರಿದ್ದರೆ ಮಕ್ಕಳು ಕೂಗಬೇಕು. ಕದ್ದವು ಇಪ್ಪತ್ತರಲ್ಲಿ ಹದಿನೇಳು ಚಿಗುರಿದ್ದವು. ಕೇಳಿ ತಂದವು ನಾಲ್ಕು.

ಏಳನೆಯ ತರಗತಿಯವರು ಮಾಡಿದ ಗಲಾಟೆಗೆ ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು.

"ಇದ್ರಲ್ಲೇನೋ ಮೋಸ ಇದೆ," ಎಂದರು ವಿಶ್ವನಾಥ್.

"ಇದೆ," ಎಂದೆ ನಾನು. "ನೀವು ಮಾಡಿದ್ದು."

ನೆಟ್ಟ ಸಂಜೆಯೇ ನಲವತ್ತು ಕಡ್ಡಿಗಳ ದಪ್ಪವನ್ನೂ ಅಳೆದಿದ್ದೆ. ವಿಶ್ವನಾಥ್ ಕೊಟ್ಟವು ಒಂದೂ ಊದುಬತ್ತಿಗಿಂತ ಹೆಚ್ಚು ದಪ್ಪವಿರಲಿಲ್ಲ. ಹೇಗೂ ಕತ್ತರಿಸಿ ಬಿಸಾಡಬೇಕಾಗಿದ್ದ ತುದಿಗಳು ಅವು. ಎಳೆಯ ತುದಿಯಲ್ಲಿ ಬೇರು ಬಿಡುವ ತನಕ ಬದುಕಿರಲು ಬೇಕಾದ ಸಂಗ್ರಹವಿರುವುದಿಲ್ಲ. ಅದರ ಮೇಲೆ ಅರ್ಧ ಗಂಟೆಯ ಭಾಷಣ. ಕದಿಯುವವರು ಹಾಗಲ್ಲ. ಕದಿಯುವ ಕಷ್ಟಕ್ಕೆ ತಕ್ಕಂತೆ ಬಲಿತದ್ದನ್ನೇ ಮುರಿಯುತ್ತಾರೆ, ಮುಚ್ಚಿಡಲು ಒದ್ದೆ ಗೋಣಿಯಲ್ಲಿ ಸುತ್ತುತ್ತಾರೆ, ಸಿಕ್ಕಿಬೀಳುವ ಭಯಕ್ಕೆ ಕೂಡಲೇ ನೆಡುತ್ತಾರೆ. ಗಿಡಕ್ಕೆ ಏನೂ ಗೊತ್ತಿಲ್ಲವೆಂದು ನಾನು ಹೇಳಿದ್ದು ಸರಿಯಾಗಿತ್ತು. ಕೊಡುವವರ ಕೈ ಹೇಗಿರುತ್ತದೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಒಳ್ಳೇದನ್ನೇ ಕೊಟ್ಟೆ ಅಂದ್ಕೊಂಡಿದ್ದೆ," ಎಂದರು ವಿಶ್ವನಾಥ್. ಇದುವರೆಗೆ ಗೇಟಿಗೆ ಬಂದು ಕೇಳಿದವರೆಲ್ಲ ಏನೇನು ಒಯ್ದಿದ್ದರೆಂದು ಅವರು ಮನಸ್ಸಿನಲ್ಲಿಯೇ ಎಣಿಸುತ್ತಿದ್ದಂತೆ ಕಂಡಿತು.

"ಎಲ್ರೂ ಅಂಗೇ ಅಂದ್ಕತಾರೆ ಸಾರ್," ಎಂದರು ನೀಲಮ್ಮ ಕಂಬಿಯ ಆಚೆಯಿಂದ. "ನಾನೀಗ ಒಳಗ್ ಬರ್ಬೋದಾ?"

"ಇನ್ನೂ ಇಲ್ಲ," ಎಂದರು ಭಾನುಮತಿ. "ಕಡ್ಡಿ ವಿಷಯ ಸರಿ ನೀಲಮ್ಮ. ಆದ್ರೆ ಇದು ಸರ್ಕಾರಿ ಶಾಲೆ. ಕದೀರಿ ಅಂತ ಹೇಳ್ಕೊಟ್ರೆ ನಾಳೆ ಪೋಷಕರಿಗೆ ನಾನೇನು ಹೇಳ್ಲಿ? ಇನ್ಮೇಲೆ ಕೇಳಿ ತರೋದನ್ನೇ ಹೇಳ್ಕೊಡ್ತೀನಿ ಅಂತ ಮಕ್ಕಳ ಮುಂದೆ ಒಂದು ಮಾತು ಹೇಳ್ಬಿಡಿ. ಒಳಗೆ ಬನ್ನಿ."

"ಹೇಳಲ್ಲ."

"ಯಾಕ್ರೀ?"

"ಇಪ್ಪತ್ರಲ್ಲಿ ನಾಲ್ಕು ಹತ್ತೋದನ್ನ ನಾನು ಹೇಳ್ಕೊಡಲ್ಲ."

ನಾನು ಮಧ್ಯೆ ಬಂದೆ. "ಕೇಳಲಿ, ಆದರೆ ದಪ್ಪ ಕಡ್ಡಿಯನ್ನೇ ಕೇಳಲಿ. ಅಷ್ಟು ಹೇಳಿಕೊಟ್ಟರೆ ಸಾಕಲ್ಲ."

"ಬುಡದ ದಪ್ಪ ಕಡ್ಡೀನ ಕೇಳಿದ್ರೆ ಯಾರು ಕೊಡ್ತಾರೆ ಮೇಡಂ? ನೀವು ನಿಮ್ಮ ಬಸಳೇದು ಕೊಡ್ತಿದ್ರಾ? ಎದೆ ಮುಟ್ಕೊಂಡು ಹೇಳಿ."

ನನ್ನ ಬಸಳೆಗಾಗಿ ಗೇಟಿಗೆ ಹಾಕಿಸಿದ್ದ ಹೊಸ ಚಿಲಕ ನನಗೆ ನೆನಪಾಯಿತು. ಭಾನುಮತಿ ಗಡಿಯಾರ ನೋಡಿಕೊಂಡರು. ಗೆದ್ದವರು ಹೊರಗೇ ನಿಂತಿರುವುದು ಮಕ್ಕಳಿಗೆ ಅರ್ಥವಾಗಲಿಲ್ಲ. ನೀಲಮ್ಮ ಕಂಬಿಯಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡರು. ಇನ್ನು ಹೊರಡುತ್ತಾರೆ ಎಂಬುದು ಸ್ಪಷ್ಟವಿತ್ತು. ಅವರು ಮಾತು ಬದಲಿಸುವವರಲ್ಲವೆಂಬುದು ಶಿವಮಲ್ಲಪ್ಪನವರಿಗಷ್ಟೇ ಅಲ್ಲ, ನಮಗೂ ಗೊತ್ತಿತ್ತು.

ಆಗ ವಿಶ್ವನಾಥ್ ಗಂಟಲು ಸರಿಮಾಡಿಕೊಂಡರು.

"ನಾನು ಶುಕ್ರವಾರ ಮೂರೂವರೆಯಿಂದ ಮೂರೂಮುಕ್ಕಾಲರ ತನಕ ಜಗಲೀಲಿ ಗೋಡೆ ಕಡೆ ಮುಖ ಮಾಡ್ಕೊಂಡು ಪೇಪರ್ ಓದ್ತೀನಿ," ಎಂದರು. ಯಾರ ಮುಖವನ್ನೂ ನೋಡಲಿಲ್ಲ. "ಆ ಹೊತ್ತಲ್ಲಿ ಬೇಲಿ ಕಡೆ ಏನು ನಡೆದ್ರೂ ನಂಗೆ ಗೊತ್ತಾಗಲ್ಲ. ಗೊತ್ತಾದ್ರೂ ತಕರಾರಿಲ್ಲ ಅಂತ ಶಾಲೆಗೆ ಕಾಗದ ಬರ್ಕೊಡ್ತೀನಿ. ಬೇರೆ ಮನೆಗಳವರನ್ನೂ ನಾನೇ ಕೇಳಿ ಒಪ್ಪಿಸ್ತೀನಿ."

"ಯಜಮಾನರ ಒಪ್ಪಿಗೆ ಇದ್ರೆ ಅದು ಕಳ್ಳತನ ಅಲ್ಲ," ಎಂದು ಭಾನುಮತಿ ನಿಧಾನವಾಗಿ ಹೇಳಿದರು. ಆ ವಾಕ್ಯ ಪೋಷಕರ ಸಭೆಯಲ್ಲಿ ಹೇಗೆ ಕೇಳಿಸೀತೆಂದು ಪರೀಕ್ಷಿಸುವವರಂತೆ ಮತ್ತೊಮ್ಮೆ ಹೇಳಿದರು. "ಹೌದು, ಅಲ್ಲ."

"ಕಳ್ಳತನ ಅಲ್ದಿದ್ರೆ ಹತ್ತಲ್ಲ," ಎಂದಳು ವರ್ಷಿಣಿ.

ಎಲ್ಲರೂ ನೀಲಮ್ಮನನ್ನು ನೋಡಿದರು. ಅವರು ವಿಶ್ವನಾಥರನ್ನು ಮೇಲಿನಿಂದ ಕೆಳಗಿನವರೆಗೆ, ಹಳೆಯ ಪಾಸೊಂದರ ತಾರೀಖು ನೋಡುವವರ ಹಾಗೆ, ನೋಡಿದರು.

"ಕೊಡೋಕೆ ಕೈ ಮುಂದೆ ಬರಬಾರದು," ಎಂದರು. "ತಿರುಗಿ ನೋಡಬಾರದು. ಬಾಯಿ ಬಿಡಬಾರದು. ಇಷ್ಟಿದ್ರೆ ನಡೆಯುತ್ತೆ. ಕದ್ದಂಗೇ ಲೆಕ್ಕ."

ವರ್ಷಿಣಿ ಓಡಿಹೋಗಿ ಗೇಟು ತೆಗೆದಳು. ನೀಲಮ್ಮ ಒಳಗೆ ಬಂದವರು ನಮ್ಮ ಯಾರೊಂದಿಗೂ ಮಾತಾಡದೆ ನೇರವಾಗಿ ಪಾತಿಗೆ ಹೋಗಿ, ನೀರು ಹೆಚ್ಚಾಗಿ ಹಾಕಿದ್ದಕ್ಕೆ ಭಾನುಮತಿಯವರನ್ನು ಬೈದರು.

ಮುಂದಿನ ಶುಕ್ರವಾರ ಮೂರೂವರೆಗೆ ವಿಶ್ವನಾಥ್ ಜಗಲಿಯಲ್ಲಿ ಕುರ್ಚಿ ಹಾಕಿ, ಗೋಡೆಗೆ ಮುಖ ಮಾಡಿ, ಪೇಪರು ಬಿಚ್ಚಿ ಕೂತರು. ಗಲ್ಲಿಯಲ್ಲಿ ನೀಲಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಬೇಲಿಗೆ ಬಿಡುತ್ತಿದ್ದರು. ಮೊದಲ ಐದು ಕಡ್ಡಿಗಳು ಮುರಿದ ಸದ್ದಿಗೆ ವಿಶ್ವನಾಥರ ಹೆಗಲು ಪ್ರತಿ ಸಲವೂ ಒಂದಿಷ್ಟು ಮೇಲೆದ್ದು ಇಳಿಯಿತು. ಆರನೆಯದು ವರ್ಷಿಣಿಯದು. ಅವಳು ಕೈಹಾಕಿದ್ದ ಕೊಂಬೆ ಅಲುಗಿದ ಸದ್ದು ಕೇಳಿ ಅವರಿಗೆ ತಡೆಯಲಾಗಲಿಲ್ಲ.

"ಅದಲ್ಲಮ್ಮ," ಎಂದರು ಗೋಡೆಗೆ. "ಅದರ ಎಡಕ್ಕಿರೋದು. ಇನ್ನೂ ಕೆಳಗೆ. ಅದು ಬಲಿತಿದೆ."

ಗಲ್ಲಿಯಲ್ಲಿ ಕೈಗಳು ನಿಂತವು.

"ರೀ ವಿಶ್ವನಾಥ್!" ಎಂದು ನೀಲಮ್ಮ ಬೇಲಿಯ ಮೇಲಿಂದ ಕೂಗಿದರು. "ಕೊಟ್ಬುಟ್ರಲ್ರೀ! ಹಾಳ್ಮಾಡಿದ್ರಿ. ವರ್ಷಿಣಿ, ಅದನ್ನ ಅಲ್ಲೇ ಬುಡು ಕಣಮ್ಮ. ಅವ್ರಿಗೆ ಗೊತ್ತಿಲ್ದಿರೋದು ಒಂದು ನೋಡ್ಕೊಂಡು ಮುರಿ."